ತಲೆಗೆ 36,000 ಯೆನ್ ಕೊಟ್ಟ ರಿಯೋಕಾನ್ ವಾಸ ನಿರಾಶೆ ತಂದದ್ದೇಕೆ?

ಪ್ರಶ್ನೆ: ಕಳೆದ ನವೆಂಬರ್‌ನಲ್ಲಿ ನಾನು, ನನ್ನ ಹೆಂಡತಿ, 68 ವರ್ಷದ ಅಮ್ಮ ಬೆಂಗಳೂರಿನಿಂದ ಜಪಾನ್ ಪ್ರವಾಸಕ್ಕೆ ಹೋಗಿದ್ದೆವು. ಹಕೋನೆ-ಯುಮೊತೊದಲ್ಲಿ ಬಿಸಿನೀರಿನ ಬುಗ್ಗೆಯಿರುವ ಒಂದು ರಿಯೋಕಾನ್‌ನಲ್ಲಿ, ಅಂದರೆ ಸಾಂಪ್ರದಾಯಿಕ ಜಪಾನಿ ವಸತಿಗೃಹದಲ್ಲಿ, ಶನಿವಾರ ರಾತ್ರಿ ಉಳಿದೆವು. ಎರಡು ಊಟ ಸೇರಿ ತಲೆಗೆ 36,000 ಯೆನ್. ಫೋಟೋದಲ್ಲಿ ಹಾಲಿನಂಥ ನೀರು ಇತ್ತು, ಅಲ್ಲಿ ನೋಡಿದರೆ ತಿಳಿನೀರು, ಮೇಲೆ ಕ್ಲೋರಿನ್ ವಾಸನೆ. ರಾತ್ರಿ ಏಳೂವರೆಗೆ ತಲುಪಿದ್ದಕ್ಕೆ ಊಟವನ್ನು ಗಡಿಬಿಡಿಯಲ್ಲಿ ಒಟ್ಟಿಗೇ ತಂದಿಟ್ಟರು. ಬುಕಿಂಗ್‌ನಲ್ಲಿ ಸಸ್ಯಾಹಾರ ಎಂದು ಬರೆದಿದ್ದರೂ ಸೂಪಿನಲ್ಲಿ ಮೀನಿನ ವಾಸನೆ. ಅಮ್ಮ ಬರೀ ಅನ್ನ ತಿಂದು ಎದ್ದರು. ಹಾಸಿಗೆ ತೆಳು, ಪಕ್ಕದ ಕೋಣೆಯ ಮಾತೆಲ್ಲ ಕೇಳಿಸುತ್ತಿತ್ತು. ರಾತ್ರಿ ಹೆಂಗಸರದಾಗಿದ್ದ ಸ್ನಾನದ ಕೊಳ ಬೆಳಗ್ಗೆ ಗಂಡಸರದಾಗಿತ್ತು. ಹತ್ತಕ್ಕೆಲ್ಲ ಹೊರಡಬೇಕಾಯಿತು. ನಮಗೆ ಮೋಸವಾಯಿತೇ? ಹಣ ವಾಪಸ್ ಕೇಳಬಹುದೇ? ಮುಂದಿನ ವರ್ಷ ಮತ್ತೆ ಹೋಗುವ ಯೋಚನೆ ಇದೆ, ಈ ಸಲ ಹೇಗೆ ಆರಿಸಬೇಕು?

ಉತ್ತರ: ಮೂವರಿಗೆ 1,08,000 ಯೆನ್ ಸಣ್ಣ ಮೊತ್ತವಲ್ಲ, ಬೇಸರ ಸಹಜ. ನಿಮ್ಮ ದೂರುಗಳಲ್ಲಿ ಎರಡಕ್ಕೆ ಹುರುಳಿದೆ: ಒಂದು ಊಟ, ಇನ್ನೊಂದು ಫೋಟೋ. ಉಳಿದವು ರಿಯೋಕಾನ್‌ಗಳ ರೂಢಿಯಿಂದ ಬಂದವು. ಬುಕಿಂಗ್ ತಾಣಗಳು ರಿಯೋಕಾನ್‌ಗಳನ್ನು ಹೋಟೆಲ್ ಪಟ್ಟಿಯಲ್ಲೇ ತೋರಿಸುವುದರಿಂದ ಈ ರೂಢಿಗಳು ಹೊಸಬರಿಗೆ ಗೊತ್ತಾಗುವುದೇ ಇಲ್ಲ.

ಮೊದಲು ನೀವು ಕೊಟ್ಟ ಹಣ ಯಾವುದಕ್ಕೆ ಹೋಯಿತು ನೋಡೋಣ. ಹೋಟೆಲ್‌ನಲ್ಲಿ ಬಾಡಿಗೆ ಕೋಣೆಗೆ, ರಿಯೋಕಾನ್‌ನಲ್ಲಿ ತಲೆಗೆ. ಆ ದರದಲ್ಲಿ ರಾತ್ರಿಯ ಕೈಸೆಕಿ ಎಂಬ ಹಲವು ಬಗೆಯ ಊಟ, ಬೆಳಗಿನ ಉಪಾಹಾರ, ಹಾಸಿಗೆ ಹಾಸುವ ಸೇವೆ, ಸ್ನಾನ ಎಲ್ಲವೂ ಸೇರಿರುತ್ತವೆ. ಇದರಲ್ಲಿ ದೊಡ್ಡ ಪಾಲು ಅಡುಗೆಮನೆಗೆ. ಪರೀಕ್ಷಿಸುವುದು ಸುಲಭ: ಅದೇ ತಾರೀಖಿಗೆ, ಅದೇ ಕೋಣೆಗೆ, ಊಟವಿಲ್ಲದ 'ಸುದೊಮಾರಿ' ದರ ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆ ಅಂತರವೇ ನೀವು ಊಟಕ್ಕೆ ಕೊಡುವ ಬೆಲೆ. ಮೀನು-ಮಾಂಸ ಮುಟ್ಟದ ಮನೆಯವರು ಮೀನಿನ ಸುತ್ತಲೇ ಕಟ್ಟಿದ ಊಟಕ್ಕೆ ಇಷ್ಟು ಹಣ ಕೊಡುವುದು ನನ್ನ ಪ್ರಕಾರ ತಪ್ಪು ಲೆಕ್ಕ. ನೀರನ್ನೂ ಊಟವನ್ನೂ ಬೇರೆಬೇರೆಯಾಗಿ ಕೊಳ್ಳುವುದು ನಿಮಗೆ ಸರಿಯಾದ ದಾರಿ. ಹೇಗೆಂದು ಕೊನೆಗೆ ಹೇಳುತ್ತೇನೆ. ಇನ್ನು ನೀವು ಹೋದದ್ದು ಶನಿವಾರ, ಅದೂ ಮೇಪಲ್ ಎಲೆ ಕೆಂಪಾಗುವ ನವೆಂಬರ್‌ನಲ್ಲಿ. ರಜೆಯ ಹಿಂದಿನ ರಾತ್ರಿಗೆ ಎಲ್ಲ ಕಡೆ ದರ ಏರಿರುತ್ತದೆ. ಅದೇ ಕೋಣೆ ಮಂಗಳವಾರವೋ ಬುಧವಾರವೋ ಗಣನೀಯವಾಗಿ ಅಗ್ಗ, ಕೊಳವೂ ಖಾಲಿ.

ಏಳೂವರೆಗೆ ತಲುಪಿದ್ದು ಆ ಸಂಜೆಯನ್ನು ಅರ್ಧ ಕೆಡಿಸಿತು. ರಿಯೋಕಾನ್‌ನ ದಿನಚರಿ ಬಹುಮಟ್ಟಿಗೆ ಹೀಗಿರುತ್ತದೆ: ಮಧ್ಯಾಹ್ನ 3ಕ್ಕೆ ಪ್ರವೇಶ, ಚಹಾ, ಊಟಕ್ಕೆ ಮುಂಚೆ ಒಂದು ಸ್ನಾನ, 6ಕ್ಕೋ ಆರೂವರೆಗೋ ಊಟ, ನೀವು ಊಟದಲ್ಲಿರುವಾಗ ಕೋಣೆಯಲ್ಲಿ ಹಾಸಿಗೆ ಹಾಸುತ್ತಾರೆ, ಮಲಗುವ ಮುಂಚೆ ಇನ್ನೊಂದು ಸ್ನಾನ, ಮುಂಜಾನೆ ಮತ್ತೊಂದು, ಎಂಟರ ಹೊತ್ತಿಗೆ ತಿಂಡಿ, 10ಕ್ಕೆ ವಿದಾಯ. ಕೈಸೆಕಿಯಲ್ಲಿ ಪದಾರ್ಥಗಳು ಒಂದಾದ ಮೇಲೊಂದು ಬರಬೇಕು. ಹುರಿದದ್ದು, ಬೇಯಿಸಿದ್ದು ಎಲ್ಲವನ್ನೂ ಆಯಾ ಹೊತ್ತಿಗೆ ಒಲೆಯಿಂದ ಇಳಿಸುತ್ತಾರೆ. ಒಂದೂವರೆ ಗಂಟೆಯ ಈ ಊಟವನ್ನು ಏಳೂವರೆಗೆ ಶುರುಮಾಡಿದರೆ ಅಡುಗೆಯವರ ಪಾಳಿ ಮುಗಿದಿರುತ್ತದೆ. ಎಷ್ಟೋ ಕಡೆ 6 ಗಂಟೆ ದಾಟಿ ಬಂದವರಿಗೆ ರಾತ್ರಿಯೂಟವೇ ಇಲ್ಲ, ಹಣವೂ ಮರಳುವುದಿಲ್ಲ. ಆ ದೃಷ್ಟಿಯಲ್ಲಿ ನಿಮಗೆ ಬಡಿಸಿದ್ದೇ ಅವರ ಔದಾರ್ಯ. ಟೋಕಿಯೊದಿಂದ ಒದವಾರಕ್ಕೆ ಶಿಂಕಾನ್ಸೆನ್‌ನಲ್ಲಿ ಸುಮಾರು 35 ನಿಮಿಷ, ಅಲ್ಲಿಂದ ಯುಮೊತೊಗೆ ರೈಲಿನಲ್ಲಿ ಕಾಲು ಗಂಟೆ ಅಷ್ಟೇ. ಅಂದರೆ ಟೋಕಿಯೊದಲ್ಲಿ ಊಟ ಮುಗಿಸಿ ಒಂದೂವರೆಗೆ ಹೊರಟರೂ ಮೂರಕ್ಕೆ ಬಾಗಿಲಲ್ಲಿ ಇರಬಹುದು. ದೊಡ್ಡ ಸೂಟ್‌ಕೇಸ್‌ಗಳನ್ನು ಹಿಂದಿನ ದಿನ ಹೋಟೆಲ್ ಕೌಂಟರ್‌ನಲ್ಲಿ 'ತಕ್ಯೂಬಿನ್' ಪಾರ್ಸೆಲ್‌ಗೆ ಕೊಟ್ಟು, ಮುಂದಿನ ಊರಿನ ಹೋಟೆಲ್‌ಗೆ ಕಳಿಸಿಬಿಡಿ. ಕೈಯಲ್ಲಿ ಒಂದು ರಾತ್ರಿಯ ಚೀಲ ಸಾಕು.

ಈಗ ನೀರಿನ ವಿಚಾರ. ಇಲ್ಲಿ ಸ್ವಲ್ಪ ವಿವರ ಬೇಕು.

ಹಾಲಿನ ಬಣ್ಣ ಬರುವುದು ಗಂಧಕದಿಂದ. ನೆಲದಿಂದ ಬಂದಾಗ ಆ ನೀರೂ ತಿಳಿಯಾಗಿಯೇ ಇರುತ್ತದೆ. ಗಾಳಿ ತಾಗಿದ ಮೇಲೆ ಗಂಧಕದ ಸೂಕ್ಷ್ಮ ಕಣಗಳು ಬಿಡಿಸಿಕೊಂಡು ಬಿಳಿಚುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಜೊತೆಗೇ ಬರುತ್ತದೆ. ಹಕೋನೆಯಲ್ಲಿ ಈ ಬಿಳಿ ನೀರು ಸಿಗುವುದು ಮೇಲಿನ ಗೋರಾ, ಸೆಂಗೊಕುಹಾರ ಕಡೆ. ಅಲ್ಲಿಯ ಓವಕುದಾನಿ ಎಂಬ ಕಣಿವೆಯಲ್ಲಿ ಜ್ವಾಲಾಮುಖಿಯ ಹಬೆಯನ್ನು ನೀರಿಗೆ ಹಾಯಿಸಿ, ಕೊಳವೆಗಳಲ್ಲಿ ವಸತಿಗೃಹಗಳಿಗೆ ಹರಿಸುತ್ತಾರೆ. ನೀವಿದ್ದ ಯುಮೊತೊ ಬೆಟ್ಟದ ಬುಡದಲ್ಲಿದೆ. ಅಲ್ಲಿಯ ನೀರು ಬಹುಪಾಲು ಬಣ್ಣವಿಲ್ಲದ, ವಾಸನೆಯಿಲ್ಲದ ಕ್ಷಾರೀಯ ನೀರು. ಮೈಗೆ ತುಸು ಜಾರುಜಾರಾಗಿ ಹತ್ತುವ ಒಳ್ಳೆಯ ನೀರೇ ಅದು. ಹಾಗಾಗಿ ತಿಳಿನೀರು ಇದ್ದದ್ದು ದೋಷವಲ್ಲ. ನಿಮ್ಮ ರಿಯೋಕಾನ್ ತನ್ನ ಪುಟದಲ್ಲಿ ಬಿಳಿ ನೀರಿನ ಚಿತ್ರ ಹಾಕಿದ್ದರೆ ಮಾತ್ರ ಅದು ತಪ್ಪು. ಬುಕಿಂಗ್ ತಾಣ 'ಹಕೋನೆ' ಎಂಬ ಹೆಸರಿನಡಿ ಊರಿನ ಸಾಮಾನ್ಯ ಚಿತ್ರ ಹಾಕಿತ್ತೇ, ಇಲ್ಲಾ ಅದು ಅವರದೇ ಕೊಳದ ಚಿತ್ರವೇ ಎಂದು ಇನ್ನೊಮ್ಮೆ ನೋಡಿ.

ಕ್ಲೋರಿನ್‌ನ ಕಥೆ ಬೇರೆ. ಜಪಾನಿನ 1948ರ ಒನ್ಸೆನ್ (ಬಿಸಿನೀರಿನ ಬುಗ್ಗೆ) ಕಾಯ್ದೆಯ ಪ್ರಕಾರ ನೆಲದಿಂದ ಬರುವ ನೀರು ಮೂಲದಲ್ಲಿ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಅಷ್ಟು ಬಿಸಿ ಇಲ್ಲದಿದ್ದರೂ, ಪಟ್ಟಿಯಲ್ಲಿರುವ 19 ಪದಾರ್ಥಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿದ್ದರೆ ಅದು ಒನ್ಸೆನ್. ಆಮೇಲೆ ಅದಕ್ಕೆ ನೀರು ಬೆರೆಸಬಹುದು, ಕಾಯಿಸಬಹುದು, ಸೋಸಿ ಮತ್ತೆ ಮತ್ತೆ ಕೊಳಕ್ಕೆ ಬಿಡಬಹುದು. ಹೀಗೆ ಮಾಡುವುದಕ್ಕೆ ಕಾರಣವೂ ಇದೆ. ನಿಮಿಷಕ್ಕೆ 20 ಲೀಟರ್ ಬರುವ ಬುಗ್ಗೆಯಿಂದ 10,000 ಲೀಟರ್‌ನ ಒಂದು ಕೊಳ ತುಂಬಲು ಎಂಟು ಗಂಟೆಗೂ ಹೆಚ್ಚು ಬೇಕು. ನೂರು ಕೋಣೆಯ ಕಟ್ಟಡದಲ್ಲಿ ಅಷ್ಟು ನಿಧಾನವಾಗಿ ನೀರು ಬದಲಾದರೆ ರಾತ್ರಿಯೊಳಗೆ ಕೊಳ ಕೊಳಕಾಗುತ್ತದೆ. ಅದಕ್ಕೇ ಸೋಸುವ ಯಂತ್ರ. ಆ ಯಂತ್ರದ ಸೋಸುಗದಲ್ಲೇ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಮನೆಮಾಡುವುದರಿಂದ ಕ್ಲೋರಿನ್ ಹಾಕಲೇಬೇಕು. 2002ರಲ್ಲಿ ಮಿಯಾಝಾಕಿ ಪ್ರಾಂತ್ಯದ ಹ್ಯೂಗಾದಲ್ಲಿ ಹೊಸದಾಗಿ ತೆರೆದ ಸ್ನಾನಕೇಂದ್ರವೊಂದರಲ್ಲಿ ಈ ಸೋಂಕು ಹಬ್ಬಿ 7 ಮಂದಿ ಸತ್ತರು. ಲೀಟರಿಗೆ 0.4 ಮಿಲಿಗ್ರಾಂ ಆಸುಪಾಸು ಕ್ಲೋರಿನ್ ಉಳಿದಿರಬೇಕೆಂಬುದು ಸದ್ಯದ ವಾಡಿಕೆ. ಕ್ಲೋರಿನ್ ವಾಸನೆ ಬಂದರೆ ನೀರು ನಕಲಿ ಎಂದು ತಿಳಿಯಬೇಡಿ. ಆದರೆ ಅದು ಸೋಸಿ ಮರುಬಳಸಿದ ನೀರು ಎಂಬುದು ಬಹುಮಟ್ಟಿಗೆ ಖಾತ್ರಿ.

ಮುಚ್ಚಿಟ್ಟರೆ ಮಾತ್ರ ಮೋಸ. 2004ರಲ್ಲಿ ನಾಗಾನೊ ಪ್ರಾಂತ್ಯದ ಶಿರಾಹೊನೆಯಲ್ಲಿ ನೀರು ಬಿಳಿಯಾಗಿ ಕಾಣಲೆಂದು ಸ್ನಾನದ ಪುಡಿ ಬೆರೆಸುತ್ತಿದ್ದದ್ದು ಬಯಲಾಯಿತು. ಬೇರೆ ಊರುಗಳ ಹುಳುಕೂ ಒಂದೊಂದೇ ಹೊರಬಂತು. ಮರುವರ್ಷದಿಂದ ನಿಯಮ ಬಿಗಿಯಾಯಿತು: ನೀರು ಬೆರೆಸುತ್ತಾರೆಯೇ, ಕಾಯಿಸುತ್ತಾರೆಯೇ, ಮರುಬಳಸುತ್ತಾರೆಯೇ, ಸ್ನಾನದ ಪುಡಿ ಅಥವಾ ಸೋಂಕುನಾಶಕ ಹಾಕುತ್ತಾರೆಯೇ ಎಂಬುದನ್ನು ಕಾರಣಸಹಿತ ಬರೆದು ತೂಗುಹಾಕಬೇಕು. ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲೆ ಚೌಕಟ್ಟಿನಲ್ಲಿ ಒಂದು ಹಾಳೆ ಇರುತ್ತದಲ್ಲ, ಅದೇ ಇದು. ಪಕ್ಕದಲ್ಲೇ ನೀರಿನ ವಿಶ್ಲೇಷಣಾ ಪತ್ರವೂ ಇರುತ್ತದೆ: ಬುಗ್ಗೆಯ ಹೆಸರು, ಮೂಲದ ತಾಪಮಾನ, ನಿಮಿಷಕ್ಕೆ ಎಷ್ಟು ಲೀಟರ್, ಪಿಎಚ್, ಲವಣಗಳ ಪಟ್ಟಿ. ಹತ್ತು ವರ್ಷಕ್ಕೊಮ್ಮೆ ಮರುಪರೀಕ್ಷೆ ಕಡ್ಡಾಯ. ಒಂದು ಎಚ್ಚರ: ಆ ಪತ್ರ ಹೇಳುವುದು ಬುಗ್ಗೆಯ ಬಾಯಲ್ಲಿ ಹಿಡಿದ ನೀರಿನ ಗುಣ, ನೀವು ಇಳಿಯುವ ಕೊಳದ್ದಲ್ಲ. ಇನ್ನೊಂದು ಎಚ್ಚರ: ಆ ಕೋಣೆಯಲ್ಲಿ ಮೊಬೈಲ್ ತೆಗೆಯುವುದೇ ನಿಷಿದ್ಧ, ಫೋಟೋ ಹಿಡಿಯಬೇಡಿ. ಪ್ರತಿ ಬೇಕಿದ್ದರೆ ಕೌಂಟರ್‌ನಲ್ಲಿ ಕೇಳಿ.

ಬುಕ್ ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆ 'ಗೆನ್ಸೆನ್ ಕಾಕೆನಾಗಾಶಿಯೇ?' ಎಂಬುದು. ಬುಗ್ಗೆಯ ನೀರು ಕೊಳಕ್ಕೆ ಬಂದು ತುಂಬಿ ಹೊರಚೆಲ್ಲಿ ಹೋಗುವ, ಮರುಬಳಕೆಯಿಲ್ಲದ ವ್ಯವಸ್ಥೆ ಅದು. ಒಳಗಿನ ಕೊಳ, ಬಯಲು ಕೊಳ, ಕೋಣೆಯ ತೊಟ್ಟಿ ಮೂರಕ್ಕೂ ಬೇರೆಬೇರೆಯಾಗಿ ಕೇಳಿ. ಬಯಲು ಕೊಳ ಮಾತ್ರ ಕಾಕೆನಾಗಾಶಿ, ಒಳಗಿನದು ಮರುಬಳಕೆಯದು ಎಂಬುದು ಅಪರೂಪವಲ್ಲ. ಹೆಚ್ಚು ದುಡ್ಡಿನ 'ಸ್ವಂತ ಬಯಲು ತೊಟ್ಟಿಯ ಕೋಣೆ'ಯ ತೊಟ್ಟಿಗೆ ಮಾಮೂಲಿ ನಲ್ಲಿಯ ಬಿಸಿನೀರು ಬರುವುದೂ ಉಂಟು.

ಬೆಳಗ್ಗೆ ಹೆಂಗಸರ ಕೊಳ ಗಂಡಸರದಾಗಿ ಬಾಗಿಲ ಪರದೆ ಬದಲಾದದ್ದಕ್ಕೆ ಕಾರಣ ಸರಳ. ಎರಡು ಸ್ನಾನದ ಮನೆಗಳ ವಿನ್ಯಾಸ ಬೇರೆಯಾಗಿರುವುದರಿಂದ, ಎಲ್ಲರಿಗೂ ಎರಡೂ ಸಿಗಲೆಂದು ರಾತ್ರೋರಾತ್ರಿ ಗಂಡಸರ, ಹೆಂಗಸರ ಕೊಳ ಅದಲುಬದಲು ಮಾಡುತ್ತಾರೆ. ಒಳ್ಳೆಯ ಬಯಲು ಕೊಳ ನಿಮ್ಮ ಪಾಲಿಗೆ ಬೆಳಗಿನ ಸರದಿಯಲ್ಲಿ ಇದ್ದಿರಬಹುದು. ಬೇರೆಯವರ ಎದುರು ಬಟ್ಟೆಯಿಲ್ಲದೆ ಇಳಿಯಲು ಅಮ್ಮನಿಗೆ ಸಂಕೋಚವಿದ್ದರೆ 'ಕಾಶಿಕಿರಿ' ಎಂಬ ಖಾಸಗಿ ಕೊಳ ಕೇಳಿ. ಮುಕ್ಕಾಲು ಗಂಟೆಯ ಸರದಿ ಸಾಮಾನ್ಯ. ಕೆಲವೆಡೆ ಉಚಿತ, ಕೆಲವೆಡೆ ಎರಡು-ಮೂರು ಸಾವಿರ ಯೆನ್. ಬಾಗಿಲಿಗೆ ಬಂದ ಕೂಡಲೇ ಹೆಸರು ಬರೆಸಿ, ಸಂಜೆಯ ಸರದಿಗಳು ಮೊದಲು ಮುಗಿಯುತ್ತವೆ. ನೀರು 40ರಿಂದ 42 ಡಿಗ್ರಿ ಇರುವುದರಿಂದ ಅವರ ವಯಸ್ಸಿನವರು ಒಮ್ಮೆಗೆ ಐದು ನಿಮಿಷ ಇದ್ದು ಮೇಲೆ ಬಂದು ಕೂತು, ನೀರು ಕುಡಿದು, ಮತ್ತೆ ಇಳಿಯುವುದು ಒಳ್ಳೆಯದು. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕೇಳಲಿ.

ಹಾಸಿಗೆ, ಗೋಡೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಮರದ ಕಟ್ಟಡದಲ್ಲಿ ಸದ್ದು ಕೇಳುವುದು ತಪ್ಪದು. ತೆಳು ಹಾಸಿಗೆಗೆ ಮದ್ದಿದೆ: 'ಶಿಕಿಬುತೊನ್ ಒ ಮೋ ಇಚಿಮಾಯ್ ಒನೆಗಾಯ್ ಶಿಮಾಸ್' ಎಂದರೆ ಇನ್ನೊಂದು ಹಾಸು ತಂದು ಕೆಳಗೆ ಹಾಕುತ್ತಾರೆ, ಸಾಮಾನ್ಯವಾಗಿ ದುಡ್ಡಿಲ್ಲದೆ. ಮಂಡಿನೋವಿನವರಿದ್ದರೆ ಊಟಕ್ಕೆ ಮೇಜು-ಕುರ್ಚಿ, ಮಲಗಲು ಮಂಚದ ಕೋಣೆ, ಕಟ್ಟಡದಲ್ಲಿ ಲಿಫ್ಟ್, ಕೊಳದ ದಾರಿಯಲ್ಲಿ ಎಷ್ಟು ಮೆಟ್ಟಿಲು ಎಂಬ ನಾಲ್ಕನ್ನೂ ಬುಕಿಂಗ್‌ಗೆ ಮುಂಚೆ ಕೇಳಿ.

ಊಟದ ವಿಷಯಕ್ಕೆ ಬರುತ್ತೇನೆ. ನಿಮ್ಮ ಅಮ್ಮ ಬರೀ ಅನ್ನ ತಿಂದು ಎದ್ದದ್ದು ಈ ಇಡೀ ಪತ್ರದಲ್ಲಿ ನನಗೆ ಹೆಚ್ಚು ನೋವು ತಂದ ಸಂಗತಿ, ಏಕೆಂದರೆ ಇದು ತಪ್ಪಿಸಬಹುದಾಗಿತ್ತು. ಜಪಾನಿ ಅಡುಗೆಯ ಬುನಾದಿ 'ದಾಶಿ'. ಒಣಗಿಸಿ ಹೊಗೆಗಿಟ್ಟ ಕತ್ಸುವೊ ಮೀನಿನ ತೆಳು ಚೂರುಗಳನ್ನೂ ಕೊಂಬು ಎಂಬ ಕಡಲ ಸೊಪ್ಪನ್ನೂ ನೀರಿಗೆ ಹಾಕಿ ತೆಗೆದ ಸಾರ. ಅಡುಗೆಮನೆಯಲ್ಲಿ ಎಲ್ಲರಿಗೂ ಸೇರಿಸಿ ಇದನ್ನು ದೊಡ್ಡ ಪಾತ್ರೆಯಲ್ಲಿ ಮೊದಲೇ ತೆಗೆದಿಟ್ಟಿರುತ್ತಾರೆ. ಮಿಸೊ ಸೂಪು, ಬೇಯಿಸಿದ ತರಕಾರಿ, ಮೊಟ್ಟೆಯ ಚವಾನ್‌ಮುಷಿ, ತೆಂಪುರಾ (ಹಿಟ್ಟಿನಲ್ಲಿ ಅದ್ದಿ ಕರಿದದ್ದು) ಅದ್ದುವ ಸಾಸ್, ಸೋಬಾ ನೂಡಲ್ಸ್‌ನ ಸಾರು, ಹುಳಿ ಹಾಕಿದ ಸಲಾಡ್, ಎಲ್ಲದರಲ್ಲೂ ಅದೇ. ತಟ್ಟೆಯಲ್ಲಿ ಮೀನಿನ ತುಂಡು ಕಾಣದಿದ್ದರೆ ಸಸ್ಯಾಹಾರ ಎಂದು ಅವರು ಭಾವಿಸುವುದು ಸಾಮಾನ್ಯ, ಅದರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ. ಊಟದ ಮೇಜಿನಲ್ಲಿ ಕೂತ ಮೇಲೆ ಹೇಳಿದರೆ ಅಡುಗೆಯವರಿಗೆ ಏನೂ ಮಾಡಲಾಗದು.

ಹಾಗಾಗಿ 'ಸಸ್ಯಾಹಾರ' ಎಂಬ ಒಂದೇ ಪದ ಬರೆಯಬೇಡಿ. ಕನಿಷ್ಠ ಒಂದು ವಾರ ಮುಂಚೆ, ಜಪಾನಿಯಲ್ಲಿ, ಬಿಡಿಸಿ ಬರೆಯಿರಿ: ಮಾಂಸ, ಮೀನು, ಸೀಗಡಿ-ಚಿಪ್ಪು, ಕತ್ಸುವೊ ದಾಶಿ, ಮೀನಿನ ಎಸೆನ್ಸ್, ಜೆಲಟಿನ್ ತಿನ್ನುವುದಿಲ್ಲ. ಕೊಂಬು ಮತ್ತು ಶಿಟಾಕೆ ಅಣಬೆಯ ದಾಶಿ ಆಗುತ್ತದೆ. ಹಾಲು ಆಗುತ್ತದೆ. ಮೊಟ್ಟೆ ಆಗುತ್ತದೋ ಇಲ್ಲವೋ ತಿಳಿಸಿ. ಕೊನೆಗೆ 'ಇದು ಸಾಧ್ಯವೇ? ದಯವಿಟ್ಟು ಉತ್ತರಿಸಿ' ಎಂದು ಸೇರಿಸಿ. ಬುಕಿಂಗ್ ತಾಣದ 'ವಿಶೇಷ ವಿನಂತಿ' ಪೆಟ್ಟಿಗೆಯಲ್ಲಿ ಬರೆದದ್ದು ವಿನಂತಿ ಮಾತ್ರ. ಅವರು ಒಪ್ಪಿ ಬರೆದ ಉತ್ತರ ಕೈಗೆ ಬರುವವರೆಗೆ ಅದಕ್ಕೆ ಬೆಲೆಯಿಲ್ಲ. ಆಗುವುದಿಲ್ಲ ಎಂದು ಉತ್ತರ ಬಂದರೆ ಬೇಸರ ಬೇಡ, ನಿಮಗೆ ಉಪಕಾರವೇ ಆಯಿತು.

ಆದರೂ ಸಿಕ್ಕಿಹಾಕಿಕೊಂಡರೆ ಏನು ತಿನ್ನಬಹುದು? ಬಿಳಿ ಅನ್ನ. ಕೊಂಬು ನೀರಿನಲ್ಲಿ ಬಿಸಿಮಾಡಿದ ತೋಫು, ಅಂದರೆ ಯುದೋಫು, ಮೇಲಿನ ಮೀನಿನ ಚೂರು ಹಾಕದಂತೆ ಹೇಳಿ, ಅದ್ದುವ ಸಾರಿನ ಬದಲು ಬರೀ ಸೋಯಾ ಸಾಸ್‌ನಲ್ಲಿ. ತೆಂಪುರಾ ಕೊಟ್ಟರೆ ತರಕಾರಿಯದನ್ನು ಉಪ್ಪಿನ ಜೊತೆ, ಅದೂ ಹಿಟ್ಟಿನಲ್ಲಿ ಮೊಟ್ಟೆಯಿದ್ದು ಸೀಗಡಿ ಕರಿದ ಎಣ್ಣೆಯಲ್ಲೇ ಕರಿದಿರಬಹುದು ಎಂಬುದು ನಿಮಗೆ ಪರವಾಗಿಲ್ಲದಿದ್ದರೆ. ಬೆಳಗ್ಗೆ ನತ್ತೊ (ಹುದುಗಿಸಿದ ಸೋಯಾ ಕಾಳು) ಕೊಟ್ಟರೆ ಜೊತೆಗಿರುವ ಪುಟ್ಟ ಸಾಸ್ ಪೊಟ್ಟಣ ಬಿಡಿ, ಅದರಲ್ಲಿ ಮೀನಿನ ಸಾರವಿರುತ್ತದೆ. ಮಸಾಲೆ ಹಚ್ಚಿದ ನೋರಿ ಎಂಬ ಕಡಲ ಸೊಪ್ಪಿನ ಹಾಳೆಯೂ ಅನುಮಾನವೇ, ಬರೀ ಸುಟ್ಟ ನೋರಿ ಕೇಳಿ. ಒಂದು ಡಬ್ಬಿ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಚೀಲದಲ್ಲಿದ್ದರೆ ಆ ಬಿಳಿ ಅನ್ನಕ್ಕೆ ಸಾಕು. ಊಟದ ಹಾಲ್‌ನಲ್ಲಿ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಹಸಿ ಕರಿಬೇವು, ಹಣ್ಣು, ತರಕಾರಿ ಒಯ್ಯಬೇಡಿ, ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ.

ಹಣ ವಾಪಸ್ ಪ್ರಶ್ನೆ. ಸಸ್ಯಾಹಾರಕ್ಕೆ ಅವರು ಬರಹದಲ್ಲಿ ಒಪ್ಪಿದ್ದರೆ, ಆ ಉತ್ತರವನ್ನು ಲಗತ್ತಿಸಿ ಊಟದ ಪಾಲನ್ನು ಕೇಳುವುದು ನ್ಯಾಯ. ಮೊದಲು ರಿಯೋಕಾನ್‌ಗೇ, ಆಮೇಲೆ ಬುಕಿಂಗ್ ತಾಣಕ್ಕೆ ಬರೆಯಿರಿ. ಒಪ್ಪಿಗೆಯೇ ಬಂದಿರದಿದ್ದರೆ ಹಕ್ಕಿನಿಂದ ಕೇಳಲು ಆಧಾರ ಕಡಿಮೆ. ಪುಟದಲ್ಲಿ 'ಕಾಕೆನಾಗಾಶಿ' ಎಂದು ಹಾಕಿ, ಗೋಡೆಯ ಹಾಳೆಯಲ್ಲಿ ಮರುಬಳಕೆ ಎಂದಿದ್ದರೆ ಅದು ಗಂಭೀರ. ದಾರಿತಪ್ಪಿಸುವ ಜಾಹೀರಾತಿನ ಮೇಲೆ ಅಲ್ಲಿಯ ಗ್ರಾಹಕ ವ್ಯವಹಾರ ಇಲಾಖೆ ಕ್ರಮ ಕೈಗೊಳ್ಳುತ್ತದೆ. ತಡವಾದ ಊಟ, ತೆಳು ಹಾಸಿಗೆ, ಬದಲಾದ ಪರದೆಗೆ ಏನೂ ಕೇಳಬೇಡಿ, ಕೇಳಿದರೆ ಗಟ್ಟಿಯಾದ ದೂರಿನ ತೂಕವೂ ಹೋಗುತ್ತದೆ. ಮುಂದಿನ ಸಲ ಏನಾದರೂ ಸರಿಯಿಲ್ಲದಿದ್ದರೆ ಆ ರಾತ್ರಿಯೇ ಮೆಲುದನಿಯಲ್ಲಿ ಹೇಳಿ. ಕೋಣೆ ಖಾಲಿಯಿದ್ದರೆ ಬದಲಿಸುತ್ತಾರೆ. ಬೆಳಗ್ಗೆ ಬಿಲ್ ಕೊಡುವಾಗ ಹೇಳಿದರೆ ಅವರ ಕೈಯಲ್ಲಿ ಕ್ಷಮೆ ಬಿಟ್ಟು ಬೇರೇನೂ ಉಳಿದಿರುವುದಿಲ್ಲ. ಬಿಲ್‌ನಲ್ಲಿ ತಲೆಗೆ 150 ಯೆನ್ ಆಸುಪಾಸು ಹೆಚ್ಚು ಕಂಡರೆ ಗಾಬರಿ ಬೇಡ, ಅದು ಸ್ನಾನದ ತೆರಿಗೆ.

ಮುಂದಿನ ವರ್ಷಕ್ಕೆ ಮೂರು ದಾರಿ ಇವೆ.

ಸಂಪೂರ್ಣ ಸಸ್ಯಾಹಾರದ ಸಾಂಪ್ರದಾಯಿಕ ಊಟವೇ ಮುಖ್ಯವಾದರೆ ವಕಾಯಾಮ ಪ್ರಾಂತ್ಯದ ಕೋಯಾ ಬೆಟ್ಟದ ದೇವಾಲಯ ವಸತಿಗಳು. ಅಲ್ಲಿ ಸುಮಾರು ಐವತ್ತು ದೇವಾಲಯಗಳು ಅತಿಥಿಗಳನ್ನು ಉಳಿಸಿಕೊಳ್ಳುತ್ತವೆ. ಅಲ್ಲಿಯ ಶೋಜಿನ್ ಎಂಬ ಬೌದ್ಧ ಸಸ್ಯಾಹಾರಿ ಅಡುಗೆಯಲ್ಲಿ ಮೀನಿನ ದಾಶಿಯೂ ಇಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಆದರೆ ಅಲ್ಲಿಯ ಸ್ನಾನದ ಮನೆಗಳಲ್ಲಿ ಬಹುಪಾಲು ಮಾಮೂಲಿ ಬಿಸಿನೀರು.

ಊರು ಸುತ್ತುತ್ತ ಸ್ನಾನ ಮಾಡುವ ಖುಷಿ ಬೇಕಾದರೆ ಹ್ಯೋಗೊ ಪ್ರಾಂತ್ಯದ ಕಿನೊಸಾಕಿ. ಯುಕಾತ ಎಂಬ ಹತ್ತಿಯ ನಿಲುವಂಗಿ ಉಟ್ಟು ಮರದ ಚಪ್ಪಲಿ ಮೆಟ್ಟಿಕೊಂಡು ಊರಿನ ಸಾರ್ವಜನಿಕ ಸ್ನಾನಗೃಹಗಳಿಗೆ ಹೋಗಬಹುದು, ಊರಿನಲ್ಲಿ ತಂಗಿದವರಿಗೆ ಪಾಸ್ ಉಚಿತ. ಊಟವಿಲ್ಲದ ಕೋಣೆ ಹಿಡಿದರೆ ಆಯಿತು. ಆದರೆ ಅಲ್ಲೂ ನೀರು ಸೋಸಿದ್ದೇ, ಕ್ಲೋರಿನ್ ವಾಸನೆ ಅಲ್ಲೂ ಸಿಕ್ಕೀತು. ಚಳಿಗಾಲ ಏಡಿಯ ಕಾಲ, ದರ ಏರಿರುತ್ತದೆ.

ನಾನು ನಿಮಗೆ ಒತ್ತಿ ಹೇಳುವುದು ಮೂರನೆಯದನ್ನು: ಕ್ಯೂಶೂ ದ್ವೀಪದ ಬೆಪ್ಪು ನಗರದ ಕನ್ನಾವಾ. ಫುಕುಓಕಾದ ಹಕಾತ ನಿಲ್ದಾಣದಿಂದ ಬೆಪ್ಪುಗೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ಬಸ್ಸು. ಚರಂಡಿಯ ಮುಚ್ಚಳದ ಸಂದಿಯಿಂದಲೂ ಹಬೆ ಏಳುವ ಬಡಾವಣೆ ಅದು. ವಾರಗಟ್ಟಲೆ ಸ್ನಾನಚಿಕಿತ್ಸೆಗೆ ಬಂದು ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದವರಿಗಾಗಿ ಕಟ್ಟಿದ ಸರಳ ವಸತಿಗಳು ಇನ್ನೂ ಇವೆ. ಅಂಗಳದಲ್ಲಿ ಕಲ್ಲು-ಸಿಮೆಂಟಿನ ಹಬೆಯೊಲೆ. ಮುಚ್ಚಳ ಎತ್ತಿ ಬಿದಿರ ಬುಟ್ಟಿಯಲ್ಲಿ ತರಕಾರಿ ಇಳಿಸಿದರೆ ನೆಲದ ಹಬೆಯೇ ಬೇಯಿಸುತ್ತದೆ: ಎಲೆಕೋಸು ಹತ್ತು ನಿಮಿಷ, ಸಿಹಿಗೆಣಸು, ಆಲೂಗಡ್ಡೆ ಸುಮಾರು ಅರ್ಧ ಗಂಟೆ, ಜೋಳದ ತೆನೆ ಅದಕ್ಕೂ ಬೇಗ. ಹಬೆಯ ಉಪ್ಪಿನಂಶ ತರಕಾರಿಗೆ ಹತ್ತುವುದರಿಂದ ಮೇಲೆ ಉಪ್ಪು ಹಾಕುವ ಮುಂಚೆ ರುಚಿ ನೋಡಿ. ಮುಚ್ಚಳ ತೆಗೆಯುವಾಗ ಕೈಗವಸು ಹಾಕಿ, ಮುಖ ಹಿಂದಕ್ಕಿರಲಿ, ಆ ಹಬೆ ಕುದಿಯುವ ನೀರಿನಷ್ಟೇ ಬಿಸಿ. ನಾಲ್ಕು ಹೆಜ್ಜೆ ನಡೆದರೆ ಸ್ನಾನದ ಕೊಳ. ಒಂದೇ ರಾತ್ರಿಗೆ ಹೋಗಬೇಡಿ, ವಾರದ ನಡುವೆ ಎರಡು ಅಥವಾ ಮೂರು ರಾತ್ರಿ ಹಿಡಿಯಿರಿ. ಬುಕ್ ಮಾಡುವಾಗ ಹಬೆಯೊಲೆ ಅತಿಥಿಗಳ ಬಳಕೆಗೆ ಇದೆಯೇ, ಬೇರೆಯವರು ಮೀನು ಬೇಯಿಸುವ ಬುಟ್ಟಿ ಬಿಟ್ಟು ನಿಮಗೆ ಬೇರೆ ಬುಟ್ಟಿ ಸಿಗುತ್ತದೆಯೇ, ಅಮ್ಮನಿಗೆ ನೆಲಮಹಡಿಯ ಕೋಣೆ ಆಗುತ್ತದೆಯೇ ಎಂದು ಕೇಳಿ, ಉತ್ತರ ಬಂದ ಮೇಲೆ ಹಣ ಕಟ್ಟಿ.